ಹೋಗಿ ಮರಳುವ ಫ್ಯೂಸು

ಮನೆಯಲ್ಲಿ ‘ಫ್ಯೂಸ್ ಹೋಯಿತು’ ಎಂದರೆ ತೆಳು ತಂತಿಯೊಂದು ತಾನು ಕರಗಿ ಉಳಿದ ವೈರಿಂಗನ್ನು ಕಾಪಾಡಿತು ಎಂದರ್ಥ. 1880ರಲ್ಲಿ ಎಡಿಸನ್ ಪಡೆದ ಪೇಟೆಂಟಿನಲ್ಲಿರುವುದೂ ಇದೇ ಉಪಾಯ. ತಂತ್ರಜ್ಞಾನದ ಚರಿತ್ರೆಯಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಹೋಗಿ ಮರಳುವ ಫ್ಯೂಸು, ಅಂದರೆ ಪಾಲಿಫ್ಯೂಸು. ಅದರ ಗುಣ, ಅವಗುಣ ಎರಡೂ 2012ರ ರಾಸ್ಪ್‌ಬೆರಿ ಪೈ ಬೋರ್ಡಿನಲ್ಲಿ ಬಯಲಾದವು.

ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ರೂಪುಗೊಂಡ ಈ ಕಂಪ್ಯೂಟರು ಹೆಚ್ಚುಕಡಿಮೆ ಎಟಿಎಂ ಕಾರ್ಡಿನಷ್ಟಗಲ. ಬೆಲೆ 35 ಡಾಲರ್. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂಬುದು ಎಬೆನ್ ಅಪ್ಟನ್ ಮತ್ತು ಸಂಗಡಿಗರ ಆಸೆ. ಬೋರ್ಡಿನ ಜೊತೆ ಚಾರ್ಜರ್ ಕೊಡಲಿಲ್ಲ. ಮನೆಯಲ್ಲಿರುವ ಮೊಬೈಲ್ ಚಾರ್ಜರನ್ನೇ ಸಿಕ್ಕಿಸಬಹುದಿತ್ತು. ತೊಡಕು ಶುರುವಾದದ್ದು ಇಲ್ಲೇ. ಚಾರ್ಜರ್ ಸೊರಗಿದರೆ ಫೋನು ನಿಧಾನವಾಗಿ ಚಾರ್ಜ್ ಆಗುತ್ತದೆ, ಅಷ್ಟೆ. ಬ್ಯಾಟರಿಯೇ ಇಲ್ಲದ ಬೋರ್ಡು ನಿಂತೇ ಹೋಗುತ್ತದೆ.

ಕರೆಂಟು ಒಳಬರುವಲ್ಲಿ 700 ಮಿಲಿಆಂಪಿನ ಒಂದು ಪಾಲಿಫ್ಯೂಸು, ಎರಡು ಯುಎಸ್‌ಬಿ ಪೋರ್ಟುಗಳಿಗೆ 140 ಮಿಲಿಆಂಪಿನ ಒಂದೊಂದು. ಇದು ಇಂಗಾಲದ ಕಣ ಬೆರೆಸಿದ ಪ್ಲಾಸ್ಟಿಕ್ಕು. ಕರೆಂಟು ಮಿತಿಮೀರಿದರೆ ಬಿಸಿಯಾಗಿ ಹಿಗ್ಗುತ್ತದೆ, ಕಣಗಳ ಸಾಲು ಕಡಿದು ಹರಿವು ಬಹುಮಟ್ಟಿಗೆ ನಿಲ್ಲುತ್ತದೆ. ತಣಿದ ಮೇಲೆ ಮತ್ತೆ ಹರಿಯುತ್ತದೆ. ಆದರೆ ಸುಮ್ಮನಿದ್ದಾಗಲೂ ಅದು ಒಂದಿಷ್ಟು ವೋಲ್ಟೇಜನ್ನು ನುಂಗುತ್ತದೆ. 5 ವೋಲ್ಟಿನಲ್ಲಿ ನಡೆಯುವ ಬೋರ್ಡಿಗೆ 4.75ರ ಕೆಳಗೆ ಇಳಿದರೆ ಕಷ್ಟ. ಕೀಬೋರ್ಡಿಗೇನೋ ಸರಿ, ವೈಫೈ ಡಾಂಗಲ್ ಸಿಕ್ಕಿಸಿದರೆ ಯುಎಸ್‌ಬಿ ಫ್ಯೂಸೇ ಅಡ್ಡಿ. ಹೀಗಾಗಿ ಪ್ರೋಗ್ರಾಮಿಂಗ್ ಕಲಿಯಬಂದವರು ಮೊದಲು ಮಲ್ಟಿಮೀಟರ್ ಹಿಡಿದು, ಬೋರ್ಡಿನ ಮೇಲೆ ಟಿಪಿ1, ಟಿಪಿ2 ಎಂದು ಗುರುತಿಸಿದ ಬಿಂದುಗಳ ನಡುವೆ ವೋಲ್ಟೇಜ್ ಅಳೆಯುವುದನ್ನು ಕಲಿತರು. ನನ್ನ ದೃಷ್ಟಿಯಲ್ಲಿ ಅದೇನೂ ಕೆಟ್ಟ ಪಾಠವಲ್ಲ.

ಅದೇ ವರ್ಷ ತಯಾರಕರು ಆ ಎರಡು ಯುಎಸ್‌ಬಿ ಫ್ಯೂಸುಗಳನ್ನು ತೆಗೆದುಹಾಕಿದರು. ಡಾಂಗಲ್ ನಡೆಯಿತು, ಆದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್‌ನಿಂದ ಕರೆಂಟು ಹಿಮ್ಮುಖವಾಗಿ, ಮುಖ್ಯ ಫ್ಯೂಸನ್ನು ಮುಟ್ಟದೆಯೇ ಒಳನುಗ್ಗಲು ದಾರಿಯಾಯಿತು. ಕಾವಲುಗಾರ ದಾರಿಗಡ್ಡವೆಂದು ಅವನನ್ನೇ ಕಳಿಸಿದ ಹಾಗೆ. 2014ರ ಬಿ ಪ್ಲಸ್ ಮಾದರಿಯಲ್ಲಿ ಯುಎಸ್‌ಬಿ ಕರೆಂಟಿಗೆ ಮಿತಿ ಹಾಕುವ ಸ್ವಿಚ್ಚು ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು.

2019ರ ಪೈ 4ರ ಹೊತ್ತಿಗೆ ಕಾಲ ಬದಲಾಗಿತ್ತು. ಯುಎಸ್‌ಬಿ ಸಿ ಚಾರ್ಜರು ಎದುರಿಗಿರುವುದು ಏನೆಂದು ತಿಳಿದ ಮೇಲೆಯೇ ಕರೆಂಟು ಬಿಡುತ್ತದೆ. ಅದಕ್ಕೆ ಎರಡು ಪಿನ್ನುಗಳಿಗೆ 5.1 ಕಿಲೋಓಮಿನ ಬೇರೆಬೇರೆ ರೆಸಿಸ್ಟರ್ ಬೇಕು. ಈ ಬೋರ್ಡಿನಲ್ಲಿ ಎರಡಕ್ಕೂ ಸೇರಿ ಒಂದೇ ಇತ್ತು. ಒಳಗೆ ಗುರುತಿನ ಚಿಪ್ಪಿರುವ ದುಬಾರಿ ಕೇಬಲ್ ಬಳಸಿದರೆ ಚಾರ್ಜರು ಬೋರ್ಡನ್ನು ಆಡಿಯೊ ಉಪಕರಣವೆಂದು ತಿಳಿದು ಕರೆಂಟನ್ನೇ ಕೊಡುತ್ತಿರಲಿಲ್ಲ. ಮುಂದಿನ ಪರಿಷ್ಕೃತ ಬೋರ್ಡು ಬರುವವರೆಗೆ, ಚಿಪ್ಪಿಲ್ಲದ ಅಗ್ಗದ ಕೇಬಲ್ಲೇ ಕೆಲಸಕ್ಕೆ ಬಂತು.