ಬ್ರೇಕ್ ದೀಪದ ಎರಡು ತಂತಿ

ಲಕ್ಷ್ಮೀ ನಗರದ ನಮ್ಮ ಮನೆ ಮಾಲೀಕರ ಬಳಿ 1968ರ ಅಂಬಾಸಡರ್ ಇದೆ. ಅದರ ಬ್ರೇಕ್ ಲೈಟ್ ಹತ್ತದಿದ್ದಾಗ ನಾನೂ ಮೆಕ್ಯಾನಿಕ್ ಜೊತೆ ಕೂತೆ. ಸ್ವಿಚ್ಚನ್ನು ಪೆಡಲಿನ ಬುಡದಲ್ಲಿ ಹುಡುಕಿದೆ. ಅದಿದ್ದದ್ದು ಬ್ರೇಕ್ ಎಣ್ಣೆಯ ಪೈಪಿನಲ್ಲಿ!

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನೇ ಆಧರಿಸಿ ಕಲ್ಕತ್ತಾ ಬಳಿಯ ಉತ್ತರಪಾರಾದಲ್ಲಿ 2014ರವರೆಗೆ ಅಂಬಾಸಡರ್ ತಯಾರಾಯಿತು. ಸ್ವಿಚ್ಚೂ ಅಲ್ಲಿಂದಲೇ ಬಂದದ್ದು. ಪೆಡಲ್ ತುಳಿದರೆ ಎಣ್ಣೆಯ ಒತ್ತಡ ಏರಿ ಅದರೊಳಗಿನ ಎರಡು ತುದಿ ಕೂಡುತ್ತವೆ. ಒಂದಕ್ಕೆ ಫ್ಯೂಸಿನಿಂದ ಬರುವ ಹಸಿರು ತಂತಿ, ಇನ್ನೊಂದರಿಂದ ಹಿಂದಿನ ದೀಪಕ್ಕೆ ಹೋಗುವ ನೇರಳೆ ಗೆರೆಯ ಹಸಿರು ತಂತಿ. ಆ ಕಾಲದ ಹೆಚ್ಚಿನ ಬ್ರಿಟಿಷ್ ಕಾರುಗಳಿಗೆ ಇದೇ ಬಣ್ಣದ ಲೆಕ್ಕ.

ಎರಡೂ ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದೆವು. ದೀಪ ಹತ್ತಿತು. ವೈರಿಂಗ್ ಸರಿ, ಸ್ವಿಚ್ ಸತ್ತಿತ್ತು. ಪೆಡಲಿಗೇ ಬೇರೆ ಸ್ವಿಚ್ ಕಟ್ಟೋಣ ಎಂದ ಮೆಕ್ಯಾನಿಕ್. ಮಾಲೀಕರು ಒಪ್ಪಲಿಲ್ಲ.

ಅವರ ಭಯಕ್ಕೆ ಕಾರಣವಿತ್ತು. 15 ವರ್ಷ ದಾಟಿದ ಪೆಟ್ರೋಲ್ ಕಾರುಗಳು ದೆಹಲಿ ವಲಯದಲ್ಲಿ ಓಡಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರ ಕೇಂದ್ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಕಾರು ವಿಂಟೇಜ್. ಅದನ್ನೂ ದಿನನಿತ್ಯ ಓಡಿಸುವಂತಿಲ್ಲ, ರ‍್ಯಾಲಿಗೋ ಪ್ರದರ್ಶನಕ್ಕೋ ಒಯ್ಯಬಹುದು. ಒಂದು ಸ್ವಿಚ್ಚಿಗಾಗಿ ಯಾರು ತಕರಾರು ತೆಗೆಯುತ್ತಾರೆ ಅನ್ನಿಸಿತು. ಆದರೂ ಮುದುಕರ ಜೊತೆ ಕಾಶ್ಮೀರಿ ಗೇಟ್ ಅಂಗಡಿಗಳಲ್ಲಿ ಮಧ್ಯಾಹ್ನವಿಡೀ ಅಲೆದು ಎಣ್ಣೆ ಸ್ವಿಚ್ಚನ್ನೇ ತಂದೆ. ಪೈಪು ಬಿಚ್ಚಿದಾಗ ಹೊಕ್ಕ ಗಾಳಿ ತೆಗೆಯುವಷ್ಟರಲ್ಲಿ ಕತ್ತಲಾಯಿತು.

ಗಲ್ಲಿಯಲ್ಲಿ ನಾಲ್ಕು ಮಾರು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿದರು. ಬ್ರೇಕ್ ಒತ್ತಿದಾಗ ಗೋಡೆ ಕೆಂಪಾಯಿತು. ಆಗಲೂ ಅವರ ಬಲಗೈ ಕಿಟಕಿಯಿಂದ ಹೊರಗೆ ಚಾಚಿ, ಅಂಗೈ ಕೆಳಗಾಗಿ, ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು: ನಿಧಾನಿಸುತ್ತಿದ್ದೇನೆ ಎನ್ನುವ ಹಳೆಯ ಸನ್ನೆ.