ಕಾಕಾನ ಕಿರ್ದಿ, ಧಾರವಾಡದ ರಜಿಸ್ಟರು

ಹೋದ ದೀಪಾವಳಿಗೆ ಯರಗಟ್ಟಿಗೆ ಹೋದಾಗ ಕಾಕಾನ ದಲಾಲಿ ಅಂಗಡಿಯ ಅಟ್ಟ ಸ್ವಚ್ಛ ಮಾಡೋ ಕೆಲಸ ನನ್ನ ತಲೆಗೆ ಬಂತು. ಧೂಳು, ಹರಿದ ಗೋಣಿಚೀಲ, ತುಕ್ಕು ಹಿಡಿದ ತೂಕದ ಕಲ್ಲುಗಳು... ಅವುಗಳ ಕೆಳಗೆ ಕೆಂಪು ಬಟ್ಟೆ ರಟ್ಟಿನ ಹಳೇ ಕಿರ್ದಿ ಪುಸ್ತಕಗಳು. ಪಾಡ್ಯದ ದಿನ ಪೂಜೆ ಮಾಡಿ ಶುರು ಮಾಡ್ತಾರಲ್ಲ, ಅವೇ. 1986ರಿಂದ ಹಿಡಿದು ಎಲ್ಲ ಇದ್ದವು. ಕೆಲಸ ಬಿಟ್ಟು ಓದ್ತಾ ಕೂತೆ.

ಜಮಾ ಖರ್ಚಿನ ಪುಸ್ತಕದಲ್ಲಿ ಓದೋಕೇನಿದೆ ಅಂತೀರಾ? ಕೆಲವು ತಿಂಗಳು ಹಾಳೆಯಲ್ಲಿ ಬೆರಳಿಡೋಕೂ ಜಾಗ ಇಲ್ಲ. ಹತ್ತಿ ದರ, ಕಡಲೆ ದರ, ಅದರ ಪಕ್ಕದಲ್ಲಿ ಎಣ್ಣೆ ಗಾಣದ ನಕ್ಷೆ, ಅದರ ಕೆಳಗೆ ಜಿನ್ನಿಂಗ್ ಮಿಲ್ಲಿಗೆ ಎಷ್ಟು ಸಾಲ ಬೇಕು ಅನ್ನೋ ಲೆಕ್ಕ, ಅಂಚಿನಲ್ಲಿ ಒಂದು ಕವನ! ಎಲ್ಲದರ ಮುಂದೆ ರಾತ್ರಿ 2, ರಾತ್ರಿ 3 ಅಂತ ಟೈಮು ಬೇರೆ. ಹತ್ತಿಪ್ಪತ್ತು ಹಾಳೆ ತಿರುವಿದರೆ ಅಕ್ಷರ ಸಣ್ಣಗಾಗುತ್ತೆ. ಆಮೇಲೆ ಬರೀ ತಾರೀಖು. ಆಮೇಲೆ ಕಾಕುನ ದುಂಡು ಅಕ್ಷರ, ಎರಡು ತಿಂಗಳು, ಒಮ್ಮೊಮ್ಮೆ ನಾಲ್ಕು ತಿಂಗಳು. ಮತ್ತೆ ಒಂದು ದಿನ ಕಾಕಾ ವಾಪಸ್.

ಯರಗಟ್ಟಿ ಗೊತ್ತಿಲ್ಲದವರಿಗೆ ಹೇಳಬೇಕು. ಬೆಳಗಾವಿ-ಬಾಗಲಕೋಟೆ ರಸ್ತೆಗೆ ಸವದತ್ತಿ-ಗೋಕಾಕ ರಸ್ತೆ ಅಡ್ಡ ಬರುತ್ತಲ್ಲ, ಆ ಕೂಟಿನಲ್ಲಿರೋ ಊರು. ಎರೆ ಭೂಮಿ. ಮೊದಲು ಸವದತ್ತಿ ತಾಲೂಕು, ಈಗ ತಾನೇ ಒಂದು ತಾಲೂಕು. ನಮ್ಮ ಕಡೆ ಹುರುಪಿಗೆ 'ಉಮೇದಿ' ಅಂತಾರೆ. ಕಾಕಾ ಊರಿಗೆಲ್ಲ 'ಉಮೇದಿ ಮನಷ್ಯಾ'. ಅಹೋರಾತ್ರಿ ಪಾರಿಜಾತದ ಆಟ ನೋಡಿ ಬೆಳಿಗ್ಗೆ ನಿದ್ದೆಯಿಲ್ಲದೆ ಅಂಗಡಿ ತೆಗೆಯೋನು. ಒಂದೇ ವಾರದಲ್ಲಿ ಎರಡು ಬೋರು ಕೊರೆಸಿದ್ದ, ಎರಡೂ ಒಣ ಬೋರು :( ಹಾಗೇ ಮಳೆಗಾಲ ಬಂದರೆ ಕೌದಿ ಹೊದ್ದು ಗೋಡೆ ಕಡೆ ಮುಖ ಮಾಡಿ ಮಲಗೋನು. ಆಗ ಊರಿನವರು, "ಸಾಲದ ಚಿಂತಿ ಹಚ್ಚಗೊಂಡಾನ" ಅಂತಿದ್ರು. ಎರಡನ್ನೂ ಕೂಡಿಸಿ ಯಾರೂ ನೋಡಲಿಲ್ಲ. ನಾನೂ ನೋಡಿರಲಿಲ್ಲ, ಕಿರ್ದಿ ತೆಗೆಯೋ ತನಕ.

(ಇದನ್ನ ಬರೆಯೋಕೆ ಕಾಕಾನನ್ನ ಕೇಳಿದ್ದೀನಿ. "ಹೆಸರು ಹಾಕಬ್ಯಾಡ, ಉಳಿದದ್ದು ಬರಿ" ಅಂದ.)

ಅವತ್ತು ನನ್ನ ತಲೆಗೆ ಹೊಕ್ಕ ಪ್ರಶ್ನೆ ಇದು: ಕಾಕಾನಂಥವರು ನೂರೈವತ್ತು ವರ್ಷದ ಹಿಂದೆ ಇದ್ದಿದ್ದರೆ, ಅವರ ಬಗ್ಗೆ ಯಾವ ಪುಸ್ತಕದಲ್ಲಿ ಬರೆದಿರ್ತಿದ್ರು?

ನಮ್ಮ ಸೀಮೆಗೆ ಇದ್ದದ್ದು ಧಾರವಾಡ. ಯರಗಟ್ಟಿಯಿಂದ ಸವದತ್ತಿ ಹಾದು ಬಸ್ಸಿನಲ್ಲಿ ಹೋದರೆ ಒಂದೂವರೆ ಎರಡು ತಾಸಿನ ದಾರಿ. ಅಲ್ಲಿ ಬ್ರಿಟಿಷರು 1845ರಲ್ಲೇ ಹುಚ್ಚರ ಆಶ್ರಮ ತೆಗೆದಿದ್ದರು. ಬೆಂಗಳೂರಿನದಕ್ಕಿಂತ (ಅದೇ ಮುಂದೆ ನಿಮ್ಹಾನ್ಸ್ ಆದದ್ದು) ಎರಡು ವರ್ಷ ಹಳೇದು. ಆಗ ನಾವೆಲ್ಲ ಮುಂಬಯಿ ಪ್ರೆಸಿಡೆನ್ಸಿಯವರು. "ಧಾರವಾಡಕ್ಕ ಕಳಸಬೇಕು ನೋಡು ಇಂವನ್ನ" ಅಂದರೆ ನಮ್ಮಲ್ಲಿ ಇವತ್ತಿಗೂ ಒಂದೇ ಅರ್ಥ. ಪಾಪ, ವಿಶ್ವವಿದ್ಯಾಲಯ, ಪೇಡೆ, ಸಂಗೀತ ಎಲ್ಲ ಇರೋ ಊರು!

ಆ ಬಾಗಿಲು ಯಾರಿಗೆ ತೆರೀತಿತ್ತು? 1858ರ ಕಾಯ್ದೆ ನೋಡಿದರೆ ಗೊತ್ತಾಗುತ್ತೆ. ಬೀದಿಯಲ್ಲಿ ಅಲೆಯುವ, ಅಪಾಯಕಾರಿ ಅನ್ನಿಸಿದ ಮನುಷ್ಯನನ್ನ ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸೋದು, ಅವರ ಹುಕುಮಿನ ಮೇಲೆ ಒಳಗೆ. ಹೀಗಾಗಿ ಆಶ್ರಮದ ರಜಿಸ್ಟರಿಗೆ ಮೊದಲ ಲೇಖಕ ಡಾಕ್ಟರ್ ಅಲ್ಲ, ಪೊಲೀಸ್. 'ಕಾರಣ' ಅನ್ನೋ ಕಲಮಿನಲ್ಲಿ ಗಾಂಜಾ ಅಂತ ಬರೆದು ಮುಗಿಸಿದ್ದು ಎಷ್ಟೋ. 1893-94ರಲ್ಲಿ ಗಾಂಜಾ ಬಗ್ಗೆ ಸರ್ಕಾರ ಕೂರಿಸಿದ ಆಯೋಗ ಈ ಅಂಕಿಗಳನ್ನ ಕೆದಕಿ ನೋಡಿ, ಇವನ್ನ ನಂಬೋಕಾಗಲ್ಲ ಅಂತ ಹೇಳಿಬಿಟ್ಟಿತು. ಕಾರಣ ಗೊತ್ತಿಲ್ಲದಿದ್ದಾಗ ಏನಾದರೂ ಬರೆಯಬೇಕಲ್ಲ, ಗಾಂಜಾ ಅಂತ ಬರೆದದ್ದು ಅಂತ.

ಅಂಥ ಪುಸ್ತಕದಲ್ಲಿ ಕಾಕಾ ಎಲ್ಲಿ ಬರಬೇಕು? ಅವನು ಯಾರಿಗೂ ಕಲ್ಲು ಎಸೆದಿಲ್ಲ, ಬೆತ್ತಲೆ ಓಡಿಲ್ಲ. ಅಂಗಡಿ ತೆಗೆದಿದ್ದಾನೆ, ಗಿರಾಕಿ ಜೊತೆ ನಗ್ತಾ ಮಾತಾಡಿದ್ದಾನೆ. ತಾನಾಗಿ ಹೋಗಿ ಸೇರಿಕೊಳ್ಳಬಹುದು ಅನ್ನೋ ಅವಕಾಶ ಕಾನೂನಿನಲ್ಲಿ ಬಂದದ್ದೇ 1912ರಲ್ಲಿ. ಬಂದಿದ್ದರೂ ಯಾರು ಹೋಗ್ತಿದ್ರು ಬಿಡಿ.

ಯುರೋಪಿನಲ್ಲೂ ಕಥೆ ಬೇರೆಯೇನಲ್ಲ. ಉನ್ಮಾದ, ಖಿನ್ನತೆ ಎರಡೂ ಒಂದೇ ಕಾಯಿಲೆಯ ಎರಡು ಮುಖ ಅಂತ ಪ್ಯಾರಿಸ್ಸಿನ ಫಾಲ್ರೆ ಮತ್ತು ಬಯಾರ್ಜೆ 1850ರ ದಶಕದಲ್ಲಿ ಹೇಳಿದರು (ಮೊದಲು ಹೇಳಿದ್ದು ನಾನು ಅಂತ ಇಬ್ಬರೂ ಜಗಳ ಆಡಿದರು, ಅದು ಬೇರೆ). ಅವರು ನೋಡಿದ್ದೂ ದೊಡ್ಡ ಆಸ್ಪತ್ರೆಯ ಒಳಗಿದ್ದವರನ್ನೇ. 1881ರಲ್ಲಿ ಬರ್ಲಿನ್ನಿನ ಮೆಂಡೆಲ್, ಬಟಾಣಿ ಗಿಡದವನಲ್ಲ, ಇವನು ಬೇರೆ, ಪೂರ್ತಿ ಉನ್ಮಾದ ಅಲ್ಲದ ಅರೆ ಉಬ್ಬರಕ್ಕೆ 'ಹೈಪೋಮೇನಿಯಾ' ಅಂತ ಹೆಸರಿಟ್ಟ. ಮರುವರ್ಷ ಕಾಲ್‌ಬೌಮ್, ಏರಿಳಿತ ಸೌಮ್ಯವಾಗಿರೋ ಜಾತಿಗೆ 'ಸೈಕ್ಲೋಥೈಮಿಯಾ' ಅಂದ.

ನನಗೆ ಇವರೆಲ್ಲರಲ್ಲಿ ಇಷ್ಟವಾದವನು ಕಾಲ್‌ಬೌಮನ ಸ್ನೇಹಿತ ಎವಾಲ್ಡ್ ಹೆಕರ್. ಅವನು ಖಾಸಗಿ ಚಿಕಿತ್ಸಾಲಯ ನಡೆಸ್ತಿದ್ದ. ಅಲ್ಲಿಗೆ ಪೊಲೀಸರು ಹಿಡಿದು ತಂದವರಲ್ಲ, ತಾವಾಗಿ ನಡೆದು ಬಂದವರು ಬರ್ತಿದ್ರು. ಬಂದವರು ಹೇಳ್ತಿದ್ದದ್ದು ಬರೀ ದುಃಖದ ಕಥೆ. ಹೆಕರ್ 1898ರ ತನ್ನ ಲೇಖನದಲ್ಲಿ ತೋರಿಸಿದ್ದು ಇಷ್ಟೇ: ಇವರಿಗೆ ಉಬ್ಬರದ ದಿನಗಳೂ ಇರ್ತವೆ, ಆದರೆ ಅದನ್ನ ಅವರು ಕಾಯಿಲೆ ಅಂದುಕೊಂಡೇ ಇರೋದಿಲ್ಲ. ಡಾಕ್ಟರ್ ತಾನಾಗಿ ಕೇಳಬೇಕು, ಮನೆಯವರನ್ನೂ ಕೇಳಬೇಕು. ನೂರಾ ಇಪ್ಪತ್ತು ವರ್ಷಕ್ಕಿಂತ ಹಳೇ ಮಾತು ಇದು!

ಆದರೆ ಅದು ಮೂಲೆ ಸೇರಿತು. 1899ರಲ್ಲಿ ಕ್ರೆಪೆಲಿನ್ ಎಲ್ಲವನ್ನೂ 'ಮ್ಯಾನಿಕ್ ಡಿಪ್ರೆಸಿವ್' ಅನ್ನೋ ಒಂದೇ ದೊಡ್ಡ ಚೀಲಕ್ಕೆ ತುಂಬಿದ. ಸಣ್ಣ ಜಾತಿಯೂ ಅದರಲ್ಲಿತ್ತು, ಆದರೆ ಚೀಲದ ತಳದಲ್ಲಿ. 1976ರಲ್ಲಿ ಅಮೆರಿಕದ ಡನ್ನರ್, ಗರ್ಶನ್, ಗುಡ್ವಿನ್ ಮೂವರು ಅದನ್ನ ಮತ್ತೆ ಹೊರಗೆ ತೆಗೆದು 'ಬೈಪೋಲಾರ್ ಎರಡು' ಅಂತ ಕರೆದರು. ಅವರು ಗೆರೆ ಎಳೆದದ್ದು ಹೇಗೆ ನೋಡಿ: ಉಬ್ಬರಕ್ಕಾಗಿ ಆಸ್ಪತ್ರೆ ಸೇರಿದವರು ಒಂದು, ಖಿನ್ನತೆಗೆ ಮಾತ್ರ ಸೇರಿ ಉಬ್ಬರವನ್ನ ಮನೆಯಲ್ಲೇ ಕಳೆದವರು ಎರಡು. ಮತ್ತೆ ಅದೇ ಆಸ್ಪತ್ರೆ ಬಾಗಿಲೇ ಅಳತೆಗೋಲು! ಅಮೆರಿಕದ ಕೈಪಿಡಿಗೆ ಅದು ಸ್ವಂತ ಹೆಸರಿನಲ್ಲಿ ಸೇರಿದ್ದು 1994ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 2022ರಲ್ಲಿ ಜಾರಿಗೆ ಬಂದ ಹನ್ನೊಂದನೇ ಆವೃತ್ತಿಯಲ್ಲಿ. ಅಂದರೆ ಮೊನ್ನೆ ಮೊನ್ನೆ.

ನಮ್ಮ ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ನಿಮ್ಹಾನ್ಸಿನವರು 1970ರ ದಶಕದಲ್ಲೇ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಹಳ್ಳಿಗಾಗಿ ಕೇಂದ್ರ ತೆರೆದರು. 1985ರ ಸುಮಾರಿಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು ಚಿಕಿತ್ಸೆ ಶುರು ಮಾಡಿದರು. ಅದೇ ಮಾದರಿ ಮೇಲೆ 1996ರಿಂದ ದೇಶದ ಜಿಲ್ಲಾ ಕಾರ್ಯಕ್ರಮ ಬಂತು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಅಲ್ಲೂ ಮೊದಲ ಪಾಳಿ ತೀವ್ರ ಕಾಯಿಲೆಯವರದು, ಮೂರ್ಛೆರೋಗದವರದು. ಸರಿಯೇ ಅದು. ಮರಕ್ಕೆ ಕಟ್ಟಿಹಾಕಿದವನನ್ನ ಬಿಡಿಸೋದು ಬಿಟ್ಟು ಉಮೇದಿ ಕಾಕಾನನ್ನ ಯಾರು ಹುಡುಕಿಕೊಂಡು ಹೋಗ್ತಾರೆ?

ಹೀಗೆ ಕಾಕಾ 2011ರ ತನಕ ಯಾವ ಪುಸ್ತಕದಲ್ಲೂ ಇರಲಿಲ್ಲ, ತನ್ನ ಕಿರ್ದಿಯಲ್ಲಿ ಬಿಟ್ಟು.

ಆ ವರ್ಷ ಕೌದಿ ಹೊದ್ದವನು ಏಳಲೇ ಇಲ್ಲ. "ನಾ ಇದ್ದರೂ ಅಷ್ಟ, ಹೋದರೂ ಅಷ್ಟ" ಅನ್ನೋಕೆ ಶುರು ಮಾಡಿದ. ಹತ್ತಿರದ ಪೇಟೆಯ ಒಬ್ಬ ಡಾಕ್ಟರು ನಿದ್ದೆ ಇಲ್ಲ, ಊಟ ಸೇರಲ್ಲ ಅಂದದ್ದನ್ನ ಕೇಳಿ ಖಿನ್ನತೆಯ ಗುಳಿಗೆ ಕೊಟ್ಟರು. ಮೂರು ವಾರದಲ್ಲಿ ಕಾಕಾ ಎದ್ದು ಕೂತ, ಐದನೇ ವಾರಕ್ಕೆ ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರ್ ತಂದ. ಮನೆಯಲ್ಲಿ ಎಲ್ಲರಿಗೂ ಖುಷಿ! ಬೈಪೋಲಾರ್ ಇರೋ ಕೆಲವರಿಗೆ ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಹೀಗೆ ಮೇಲಕ್ಕೆ ಚಿಮ್ಮಬಹುದು ಅಂತ ನಮಗೇನು ಗೊತ್ತು. ಆಮೇಲೆ ಬಿದ್ದ ಪೆಟ್ಟು ಮೊದಲಿನದಕ್ಕಿಂತ ದೊಡ್ಡದು. ಕಾಕು ಆ ತಿಂಗಳು ಬೆಳೆಗೆ ಹೊಡೆಯೋ ಎಣ್ಣೆಯ ಡಬ್ಬಿಗಳನ್ನೆಲ್ಲ ಪಕ್ಕದ ಮನೆಯಲ್ಲಿ ಇಟ್ಟಿದ್ದಳು. ಇದನ್ನ ಅವಳು ನಮಗೆ ಹೇಳಿದ್ದು ವರ್ಷಗಳಾದ ಮೇಲೆ.

'ಸೌಮ್ಯ' ಅನ್ನೋ ಪದ ನೋಡಿ ಮೋಸ ಹೋಗಬಾರದು ಅನ್ನೋದು ಇದಕ್ಕೇ. ಸೌಮ್ಯ ಅನ್ನೋದು ಉಬ್ಬರಕ್ಕೆ ಮಾತ್ರ. ಬೈಪೋಲಾರ್ ಎರಡು ಇರುವ 86 ಮಂದಿಯನ್ನ ಸರಾಸರಿ 13 ವರ್ಷ ಹಿಂಬಾಲಿಸಿ 2003ರಲ್ಲಿ ಪ್ರಕಟಿಸಿದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಅವರು ಒಟ್ಟು ವಾರಗಳಲ್ಲಿ ಅರ್ಧದಷ್ಟನ್ನ ಖಿನ್ನತೆಯಲ್ಲಿ ಕಳೆದಿದ್ದರು. ಉಬ್ಬರದ ವಾರಗಳು ನೂರಕ್ಕೆ ಒಂದು ಚಿಲ್ಲರೆ! ಆ ಒಂದನ್ನ ಕೇಳದಿದ್ದರೆ ಉಳಿದದ್ದರ ಹೆಸರೇ ತಪ್ಪಾಗುತ್ತೆ. ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಬೈಪೋಲಾರ್ ಇರೋ ನೂರರಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆಯೇ ಇಲ್ಲ.

ಕಡೆಗೆ ಧಾರವಾಡದಲ್ಲಿ ತೋರಿಸಿದೆವು. ಅಲ್ಲಿನ ಡಾಕ್ಟರು ಕಾಕಾನ ಜೊತೆ ಮಾತಾಡಿ ಆದ ಮೇಲೆ ಕಾಕು ಕಡೆ ತಿರುಗಿ, "ಅವರು ಭಾಳ ಛಲೋ ಇದ್ದಾಗ ರಾತ್ರಿ ಎಷ್ಟ ತಾಸು ಮಲಗತಾರ್ರಿ?" ಅಂತ ಕೇಳಿದರು. ಕಾಕು, "ಮೂರು ತಾಸರೀ. ಆದರ ಮುಂಜಾನೆ ದಣಿವೇ ಇರಂಗಿಲ್ಲ ನೋಡ್ರಿ" ಅಂದಳು. ಹೆಕರನ ಪ್ರಶ್ನೆ ಯರಗಟ್ಟಿಗೆ ತಲುಪೋಕೆ 113 ವರ್ಷ ಬೇಕಾಯ್ತು.

ಗುರುತು ಅದೇನೇ. ಖುಷಿಗೆ ನಿದ್ದೆ ಕೆಟ್ಟರೆ ಮರುದಿನ ಆಕಳಿಕೆ ಬರುತ್ತೆ. ಹೈಪೋಮೇನಿಯಾದಲ್ಲಿ ಕಡಿಮೆ ನಿದ್ದೆ ಸಾಕಾಗುತ್ತೆ. ಮಾತು ಜಾಸ್ತಿ, ಯೋಜನೆ ಜಾಸ್ತಿ, ರೊಕ್ಕ ನೀರಿನಂತೆ, ಯಾರಾದರೂ ತಡೆದರೆ ಸಿಟ್ಟು. ಕನಿಷ್ಠ ನಾಲ್ಕು ದಿನ ಹೀಗೇ ಇದ್ದು, ಅವನ ಸಹಜ ಸ್ವಭಾವಕ್ಕಿಂತ ಬೇರೆ ಅಂತ ಹತ್ತಿರದವರಿಗೆ ಕಾಣಬೇಕು ಅಂತ ಡಾಕ್ಟರುಗಳ ಲೆಕ್ಕ. ಹುಟ್ಟಾ ಹುರುಪಿನವರನ್ನೆಲ್ಲ ಬೈಪೋಲಾರ್ ಅಂತ ಕರೆಯಬೇಡಿ ಮತ್ತೆ! ಬಂದು ಹೋಗೋದು ಮುಖ್ಯ.

ಕಾಕಾಗೆ ಲಿಥಿಯಂ ಕೊಟ್ಟರು. ಅದರದ್ದೂ ಒಂದು ಕಥೆ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಹತ್ತು ಉನ್ಮಾದದ ರೋಗಿಗಳಿಗೆ ಈ ಉಪ್ಪನ್ನ ಕೊಟ್ಟು ಫಲ ಕಂಡ. ಅವನ ಮೊದಲ ರೋಗಿಯೇ ಮರುವರ್ಷ ಲಿಥಿಯಂ ವಿಷವಾಗಿ ತೀರಿಕೊಂಡ. ಡೆನ್ಮಾರ್ಕಿನ ಮೊಗೆನ್ಸ್ ಶೌ ಬಿಡದೆ ಹಿಡಿದು ಅದರ ಅಳತೆ, ಉಪಯೋಗ ಎರಡನ್ನೂ ಸಾಬೀತು ಮಾಡಿದ. ಅವನ ಸ್ವಂತ ತಮ್ಮನಿಗೇ ಮರುಕಳಿಸುವ ಖಿನ್ನತೆ ಇತ್ತು, ಲಿಥಿಯಂನಿಂದ ಸುಧಾರಿಸಿದ. ಔಷಧ ಅಗ್ಗ, ಆದರೆ ಗುಣಕ್ಕೂ ವಿಷಕ್ಕೂ ಅಂತರ ಕಡಿಮೆ. ರಕ್ತದಲ್ಲಿ ಮಟ್ಟ ನೋಡಿಸ್ತಾ ಇರಬೇಕು, ಥೈರಾಯ್ಡ್, ಕಿಡ್ನಿ ಕೂಡ. ನಮ್ಮ ಕಡೆ ಇನ್ನೊಂದು ತೊಂದರೆ, ಬಿಸಿಲು. ಏಪ್ರಿಲ್‌ನಲ್ಲಿ ಹೊಲದಲ್ಲಿ ಬೆವರಿ, ನೀರು ಕುಡಿಯದಿದ್ದರೆ ಮಟ್ಟ ಏರುತ್ತೆ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫಿನಾಕ್ ಕೂಡ ಏರಿಸ್ತವೆ. ವಾಂತಿ ಭೇದಿ, ಕೈ ಜೋರಾಗಿ ನಡುಗೋದು, ನಡೆಯುವಾಗ ತೂರಾಡೋದು ಕಂಡರೆ ಕಾಯಬಾರದು. ಎಲ್ಲರಿಗೂ ಲಿಥಿಯಮ್ಮೇ ಅಂತಲೂ ಇಲ್ಲ, ಲಾಮೋಟ್ರಿಜಿನ್, ಕ್ವಿಟಯಾಪಿನ್ ಅಂತ ಬೇರೆ ದಾರಿಗಳಿವೆ. ಅದು ಡಾಕ್ಟರ ಕೆಲಸ. ಆ ಹಳೇ ಆಶ್ರಮವೇ ಈಗ ಡಿಮ್ಹಾನ್ಸ್. ಅಷ್ಟು ದೂರ ಹೋಗೋಕೆ ಮೊದಲು ಮಾತಾಡಬೇಕು ಅಂದರೆ 2022ರಲ್ಲಿ ಶುರುವಾದ ಟೆಲಿ ಮಾನಸ್, ನಂಬರ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಗುಳಿಗೆಗಿಂತ ಕಷ್ಟ ಆದದ್ದು ನಿದ್ದೆ. ಒಂದೇ ಟೈಮಿಗೆ ಮಲಗು, ಒಂದೇ ಟೈಮಿಗೆ ಏಳು ಅಂತ ಡಾಕ್ಟರು. ಪಂಪ್‌ಸೆಟ್ಟಿನ ಕರೆಂಟು ಬರೋದು ನಟ್ಟಿರುಳಿಗೆ! ಈಗ ರಾತ್ರಿ ನೀರು ಹಾಯಿಸೋಕೆ ಆಳು ಇಟ್ಟಿದ್ದಾರೆ. ಪಾರಿಜಾತ ಹತ್ತು ಗಂಟೆಗೇ ಬಿಟ್ಟು ಬರಬೇಕು. ಅದಕ್ಕೆ ಮಾತ್ರ ಕಾಕಾನ ಕಣ್ಣಲ್ಲಿ ನೀರು ಬಂದಿತ್ತಂತೆ. "ಆ ಉಮೇದಿ ನಂದೇ ಅಂತ ತಿಳದಿದ್ನಿ, ತಮ್ಮಾ. ರೋಗದ್ದು ಅಂದರ ನಂದೇನ ಉಳೀತು?" ಅಂತ ಒಮ್ಮೆ ನನ್ನನ್ನ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಅಂಚಿನ ಕವನಗಳಲ್ಲಿ ಒಂದೆರಡು ನಿಜವಾಗಿಯೂ ಚೆನ್ನಾಗಿವೆ.

ಕಿರ್ದಿ ಕೆಳಗಿಳಿಸಿ ತಂದಾಗ ಕಾಕು ಅಡುಗೆಮನೆ ಕ್ಯಾಲೆಂಡರ್ ತೋರಿಸಿದಳು. ಕಾಕಾ ಐದು ತಾಸಿಗಿಂತ ಕಡಿಮೆ ಮಲಗಿದ ದಿನಕ್ಕೆ ಅವಳು ಕುಂಕುಮದ ಚುಕ್ಕೆ ಇಡ್ತಾಳೆ. ವರ್ಷವೆಲ್ಲ ಅಲ್ಲೊಂದು ಇಲ್ಲೊಂದು. ಆ ವಾರ ಮಾತ್ರ ಸಾಲಾಗಿ ಮೂರು.

"ಪಾಡ್ಯಾದ ಪೂಜಾ ಮುಗದ ಮ್ಯಾಲೆ ಧಾರವಾಡಕ್ಕ ಹೋಗೂಣು" ಅಂದಳು.

"ಹಬ್ಬದ ಗದ್ದಲದಾಗ ನಿದ್ದಿ ಆಗಿಲ್ಲ, ಅಷ್ಟ" ಅಂದ ಕಾಕಾ. ಸ್ವಲ್ಪ ಹೊತ್ತು ಬಿಟ್ಟು, "ಎಷ್ಟ ಗಂಟೆ ಬಸ್ಸಿಗೆ?" ಅಂತ ಕೇಳಿದ.