ನೊಣದ ಕಣ್ಣು, ಮನುಷ್ಯನ ಮೂಗು

ಚಿಕ್ಕಂದಿನಲ್ಲಿ ಜಾತ್ರೆಯಿಂದ ತಂದ ದೇವರ ಪಟವೊಂದು ನಮ್ಮ ಮನೆಯಲ್ಲಿತ್ತು. ಆಚೆ ವಾಲಿಸಿದರೆ ಶಿವ, ಈಚೆ ವಾಲಿಸಿದರೆ ಪಾರ್ವತಿ. ನಡುವೆ ಹಿಡಿದರೆ ಇಬ್ಬರೂ ಕಲಸಿಹೋಗುತ್ತಿದ್ದರು. ಅಜ್ಜಿ ಅದನ್ನೇ ಅರ್ಧನಾರೀಶ್ವರ ಎನ್ನುತ್ತಿದ್ದಳು. ಉಗುರಿನಿಂದ ಗೀರಿದರೆ ಕರ್‌ಕರ್ ಎನ್ನುವ ಆ ಏಣುಗಳೇ ಮಸೂರಗಳೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಆ ಪಟದ ಪೂರ್ವಿಕರನ್ನು ಹುಡುಕಿ ಹೊರಟರೆ ಗೇಬ್ರಿಯಲ್ ಲಿಪ್‌ಮನ್ ಸಿಗುತ್ತಾರೆ. ಬಣ್ಣದ ಛಾಯಾಗ್ರಹಣಕ್ಕಾಗಿ 1908ರಲ್ಲಿ ನೊಬೆಲ್ ಪಡೆದವರು. ಅದೇ ವರ್ಷದ ಮಾರ್ಚ್‌ನಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಅವರು ಇನ್ನೊಂದು ಯೋಚನೆ ಇಟ್ಟರು. ನೊಣದ ಕಣ್ಣಿನಂತೆ ಸಾಲುಸಾಲು ಪುಟ್ಟ ಮಸೂರಗಳಿರುವ ಹಾಳೆ. ಪ್ರತಿಯೊಂದೂ ತಾನಿದ್ದಲ್ಲಿಂದ ಕಂಡ ನೋಟವನ್ನು ಹಿಡಿಯುತ್ತದೆ. ಹಿಂದಿನಿಂದ ಬೆಳಕು ಬಿಟ್ಟರೆ ಕಿರಣಗಳು ಬಂದ ದಾರಿಯಲ್ಲೇ ಮರಳಿ, ಕನ್ನಡಕವಿಲ್ಲದೆಯೇ ಆಳ ಕಾಣುತ್ತದೆ.

ತೊಡಕು ಎರಡು. ಮಸೂರವು ನೇರ ಬಂದ ಬೆಳಕನ್ನು ಚೆನ್ನಾಗಿ ಕೂಡಿಸುತ್ತದೆ, ಓರೆಯಾಗಿ ಬಂದದ್ದನ್ನು ಮಸುಕಾಗಿಸುತ್ತದೆ. ಅದಕ್ಕೆ ಲಿಪ್‌ಮನ್ ಹಾಳೆಯ ಹಿಂಬದಿಯನ್ನೂ ನಮ್ಮ ಕಣ್ಣಿನ ಅಕ್ಷಿಪಟಲದಂತೆ ಬಾಗಿಸಲು ಸೂಚಿಸಿದರು. ಆದರೆ ಅಷ್ಟು ಸೂಕ್ಷ್ಮವಾದ ಹಾಳೆ ಮಾಡುವುದು ಆ ಕಾಲಕ್ಕೆ ಸುಲಭವಿರಲಿಲ್ಲ. 1921ರಲ್ಲಿ, ಕೆನಡಾದಿಂದ ಮರಳುವ ಹಡಗಿನಲ್ಲಿ ಅವರು ತೀರಿಕೊಂಡರು.

ಎರಡನೆಯ ತೊಡಕು ವಿಚಿತ್ರ. ಕಿರಣಗಳು ಮರಳಿ ಕಟ್ಟಿದ ಮುಖವನ್ನು ನಾವು ನೋಡುವುದು ಅದರ ಹಿಂಬದಿಯಿಂದ. ಹಾಗಾಗಿ ಉಬ್ಬು ತಗ್ಗಾಗಿ, ಮೂಗು ಒಳಕ್ಕೆ ಹೋಗುತ್ತದೆ, ಅಚ್ಚಿನೊಳಗೆ ಇಣುಕಿದಂತೆ. 1931ರಲ್ಲಿ ಅಮೆರಿಕದ ಹರ್ಬರ್ಟ್ ಐವ್ಸ್ ದಾರಿ ತೋರಿದರು: ತಿರುಗುಮುರುಗಾದ ಚಿತ್ರವನ್ನೇ ಮತ್ತೆ ಮಸೂರಗಳ ಹಾಳೆಯ ಮೂಲಕ ಸೆರೆಹಿಡಿಯುವುದು. ಎರಡು ಸಲ ತಿರುಗಿದ್ದು ನೆಟ್ಟಗಾಯಿತು. ಆದರೆ ಮಸೂರದ ದೋಷವೂ ಎರಡು ಸಲ ಸೇರಿತು.

ಇಂದು ಆ ತಿರುಗಿಸುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಆದರೆ ಸಾಮಾನ್ಯ ಪರದೆಯ ಹಿಂಬದಿ ಚಪ್ಪಟೆಯಾಗಿಯೇ ಇದೆ. ಬದಿಗೆ ಸರಿದಂತೆ ಚಿತ್ರ ಮಸುಕಾಗುತ್ತದೆ, ಒಂದು ನೋಟದೊಳಗೆ ಪಕ್ಕದ ನೋಟ ಸೋರುತ್ತದೆ. ಅಂಗಡಿಯೊಂದರಲ್ಲಿ ಅಂಥ ಪರದೆಯ ಮುಂದೆ ನಿಂತಾಗ ನನಗೆ ಆ ಪಟ ನೆನಪಾಯಿತು. ಎಂಜಿನಿಯರುಗಳು ದೋಷವೆನ್ನುವುದಕ್ಕೆ ಅಜ್ಜಿ ಒಂದು ದೇವರ ಹೆಸರಿಟ್ಟಿದ್ದಳು.